ಬೆಂಗಳೂರು ನಾಗರತ್ನಮ್ಮ: ಒಂದು ಪುಸ್ತಕ, ಒಂದು ಜಾಗ, ಹಾಡುವ ಹಕ್ಕು

ಪುಷ್ಯ ಬಹುಳ ಪಂಚಮಿ ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರ ಪುಣ್ಯತಿಥಿ. ಆ ಬೆಳಿಗ್ಗೆ ತಮಿಳುನಾಡಿನ ತಿರುವೈಯಾರಿನಲ್ಲಿ, ಅವರ ಸಮಾಧಿಯ ಬಳಿ ನಡೆಯುವ ಆರಾಧನೆಯಲ್ಲಿ, ಅವರ ಪಂಚರತ್ನ ಕೃತಿಗಳ ಗೋಷ್ಠಿಗಾಯನ ನಡೆಯುತ್ತದೆ. ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕಾವೇರಿ ದಡದಲ್ಲಿ ದೊಡ್ಡ ಚಪ್ಪರ. ವಿದ್ವಾಂಸರು, ವಿದುಷಿಯರು ಸಾಲುಸಾಲಾಗಿ ನೆಲದ ಮೇಲೆ ಕೂತಿರುತ್ತಾರೆ. ನಾಟ ರಾಗದಲ್ಲಿ ಎಲ್ಲರ ದನಿ ಒಟ್ಟಿಗೆ ಏಳುತ್ತದೆ. ಗೌಳ, ಆರಭಿ, ವರಾಳಿ ದಾಟಿ ಶ್ರೀರಾಗಕ್ಕೆ ಬಂದು ನಿಲ್ಲುತ್ತದೆ.

ಆ ಸಾಲುಗಳಲ್ಲಿ ಹೆಂಗಸರು ಇರುವುದು ಇವತ್ತು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ ನೂರು ವರ್ಷದ ಹಿಂದೆ ಆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅದೇ ಹೊತ್ತಿನಲ್ಲಿ, ಆ ಸಮಾಧಿಯ ಮೇಲೆ ಗುಡಿ ಕಟ್ಟಿಸಿ, ವಿಗ್ರಹ ಮಾಡಿಸಿ, ಪೂಜೆಗೆ ದುಡ್ಡು ಕೊಡುತ್ತಿದ್ದದ್ದು ಒಬ್ಬ ಹೆಂಗಸು. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಹೆಸರು ಹೊತ್ತು ಮದ್ರಾಸಿನಲ್ಲಿ ಬೆಳಗಿದ ನಾಗರತ್ನಮ್ಮ.

ಅವರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಭಕ್ತಿಯ ಕತೆ ಹೇಳುತ್ತೇವೆ. ಕನಸಿನಲ್ಲಿ ತ್ಯಾಗರಾಜರು ಕಂಡರು, ಒಡವೆ ಮಾರಿ ಗುಡಿ ಕಟ್ಟಿಸಿದರು, ಅಷ್ಟೇ. ಭಕ್ತಿ ನಿಜ. ಅದರಲ್ಲಿ ಅನುಮಾನವೇ ಇಲ್ಲ. ಆದರೆ ಭಕ್ತಿ ಇದ್ದ ಹೆಂಗಸರು ಆಗಲೂ ಲಕ್ಷಾಂತರ ಜನ ಇದ್ದರು. ಅವರಲ್ಲಿ ಒಬ್ಬರಿಗೆ ಮಾತ್ರ ಇದು ಹೇಗೆ ಸಾಧ್ಯವಾಯಿತು? ನನಗೆ ಕಾಡಿದ್ದು ಈ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಮೂರು ಸಂಗತಿ ಸಿಗುತ್ತವೆ: ಓದು ಬರಹ, ಸ್ವಂತ ಸಂಪಾದನೆ, ತನ್ನ ಹೆಸರಿನಲ್ಲೇ ಆಸ್ತಿ. ಈ ಮೂರೂ ಅವರಿಗೆ ಸಿಕ್ಕಿದ್ದು ಅವರ ಹುಟ್ಟಿನಿಂದ. ಜನ ಅವರನ್ನು ಹೊರಗೆ ನಿಲ್ಲಿಸಿದ್ದೂ ಅದೇ ಹುಟ್ಟಿನ ಕಾರಣಕ್ಕೆ. ಅವರು ದೇವದಾಸಿ ಮನೆತನದವರು.

ಮೊದಲು ಈ ಪದವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನದ್ಯಾವುದೂ ಅರ್ಥವಾಗುವುದಿಲ್ಲ.

ಇವತ್ತು ದೇವದಾಸಿ ಅಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಉತ್ತರ ಕರ್ನಾಟಕದ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಬದುಕಿಡೀ ಬೇರೆಯವರ ಭೋಗಕ್ಕೆ ಸಿಕ್ಕವರು. ಅವರಿಗೆ ಓದಿರಲಿಲ್ಲ, ಜಮೀನಿರಲಿಲ್ಲ, ಇಲ್ಲ ಅನ್ನುವ ಶಕ್ತಿಯೂ ಇರಲಿಲ್ಲ. ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ತಂದಿತು. ತರಲೇಬೇಕಿತ್ತು.

ಮೈಸೂರು, ತಂಜಾವೂರು ಕಡೆಯ ಅರಮನೆ ಮತ್ತು ದೊಡ್ಡ ದೇವಸ್ಥಾನಗಳ ದೇವದಾಸಿಯರ ಸ್ಥಿತಿ ಬೇರೆ ಇತ್ತು. ಹುಡುಗಿಗೆ ಚಿಕ್ಕ ವಯಸ್ಸಿನಲ್ಲೇ ದೇವರ ಜೊತೆ ಮದುವೆಯ ಶಾಸ್ತ್ರ ಆಗುತ್ತಿತ್ತು. ಗೆಜ್ಜೆಪೂಜೆ ಮಾಡಿಸುತ್ತಿದ್ದರು. ದೇವರ ಮುಂದೆ ಹಾಡುವುದು, ಕುಣಿಯುವುದು, ಆರತಿ ಎತ್ತುವುದು ಅವಳ ಸೇವೆ. ಅದಕ್ಕೆ ಪ್ರತಿಯಾಗಿ ಇನಾಮು ಜಮೀನಿನ ಉತ್ಪನ್ನವೋ, ಅಕ್ಕಿ ಬೇಳೆಯೋ ಸಿಗುತ್ತಿತ್ತು. ದೇವರೇ ಗಂಡನಾದ್ದರಿಂದ ಅವಳು ನಿತ್ಯಸುಮಂಗಲಿ. ಮನುಷ್ಯನನ್ನು ಮದುವೆಯಾಗುವಂತಿರಲಿಲ್ಲ. ಆದರೆ ಊರಿನ ಯಾರಾದರೂ ಶ್ರೀಮಂತನೋ ಅಧಿಕಾರಿಯೋ ಅವಳಿಗೆ ಪೋಷಕನಾಗಿ ಇರುವುದು ರೂಢಿಯಲ್ಲಿತ್ತು.

ಈ ವ್ಯವಸ್ಥೆಯಲ್ಲಿ ಹೆಣ್ಣಿನ ದೇಹದ ಮೇಲೆ ಬೇರೆಯವರ ಕಣ್ಣಿತ್ತು. ಅದನ್ನು ಮುಚ್ಚಿಡುವುದು ತಪ್ಪು. ಆದರೆ ಅದೇ ವ್ಯವಸ್ಥೆಯ ಇನ್ನೊಂದು ಮಗ್ಗುಲು ನೋಡಿ. ಮನೆಯ ಯಜಮಾನಿಕೆ ತಾಯಿಯದ್ದು. ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಹೆಣ್ಣು ಮಗುವನ್ನು ದತ್ತು ತೆಗೆದುಕೊಳ್ಳಬಹುದಿತ್ತು. ಹೆಣ್ಣುಮಕ್ಕಳಿಗೆ ಅಕ್ಷರ, ಸಂಗೀತ, ಸಂಸ್ಕೃತ, ತೆಲುಗು ಕಲಿಸುವುದು ಅಲ್ಲಿ ಖರ್ಚಲ್ಲ, ಬಂಡವಾಳ. ಅದೇ ಕಾಲದ 'ಮರ್ಯಾದಸ್ಥ' ಮನೆಗಳಲ್ಲಿ ಹೆಣ್ಣು ಅಕ್ಷರ ಕಲಿತರೆ ಗಂಡ ಸಾಯುತ್ತಾನೆ ಅನ್ನುತ್ತಿದ್ದರು. ಬಾಲವಿಧವೆಯರ ತಲೆ ಬೋಳಿಸುತ್ತಿದ್ದರು. ಹಾಡಬೇಕು ಅನ್ನಿಸಿದರೆ ಅಡುಗೆಮನೆಯೊಳಗೆ ಗುನುಗಬೇಕಿತ್ತು.

ಹೀಗೆ ಓದಿದ, ದುಡಿದ, ಆಸ್ತಿ ಹೊಂದಿದ ಹೆಂಗಸು ಬೇಕೆಂದರೆ ಆಗ ದಕ್ಷಿಣದಲ್ಲಿ ಹೆಚ್ಚಾಗಿ ಸಿಗುತ್ತಿದ್ದದ್ದು ಸಮಾಜ ಕೀಳಾಗಿ ನೋಡಿದ ಮನೆಗಳಲ್ಲೇ.

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ತಂದೆ ಸುಬ್ಬರಾವ್ ಮೈಸೂರಿನ ವಕೀಲರು. ಸ್ವಲ್ಪ ಕಾಲಕ್ಕೆ ಅವರು ತಾಯಿ ಮಗಳನ್ನು ಕೈಬಿಟ್ಟರು. ಪುಟ್ಟಲಕ್ಷ್ಮಿ ಮಗುವನ್ನು ಕಟ್ಟಿಕೊಂಡು ಮೈಸೂರಿನ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರ ಆಶ್ರಯಕ್ಕೆ ಬಂದರು. ಅಲ್ಲಿ ಹುಡುಗಿಗೆ ಸಂಸ್ಕೃತ ಪಾಠ ಶುರುವಾಯಿತು, ಸಂಗೀತವೂ. ಚುರುಕಾಗಿ ಕಲಿತಳು. ಆಮೇಲೆ ಗುರುವಿನ ಮನಸ್ಸು ಕೆಟ್ಟಿತು, ಪಾಠ ನಿಂತಿತು. ಮಗಳು ವಿದ್ಯೆಯಲ್ಲಿ ಹೆಸರು ಮಾಡುವವರೆಗೂ ಮೈಸೂರಿಗೆ ಕಾಲಿಡುವುದಿಲ್ಲ ಎಂದು ತಾಯಿ ಶಪಥ ಮಾಡಿ ಊರು ಬಿಟ್ಟರಂತೆ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವವರು ಈ ಪುಟ್ಟಲಕ್ಷ್ಮಿ. ಕೈಯಲ್ಲಿ ಕಾಸಿಲ್ಲ, ಹೇಳಿಕೊಳ್ಳಲು ಗಂಡನಿಲ್ಲ. ಆದರೂ ಮಗಳ ಪಾಠದ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ.

ಬೆಂಗಳೂರಿನಲ್ಲಿ ಸೋದರಮಾವ ವೆಂಕಟಸ್ವಾಮಪ್ಪ ಇದ್ದರು. ಅವರು ಪಿಟೀಲು ವಿದ್ವಾಂಸರು. ಹುಡುಗಿಗೆ ಅಲ್ಲಿ ಸಿಕ್ಕ ಗುರು ಮುನುಸ್ವಾಮಪ್ಪ. ಮುನುಸ್ವಾಮಪ್ಪನವರ ಗುರು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರು. ಅವರ ತಂದೆ ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಅಂದರೆ ಆ ಹುಡುಗಿಗೂ ತ್ಯಾಗರಾಜರಿಗೂ ನಡುವೆ ಇದ್ದದ್ದು ಮೂರೇ ಜನ. ಮುಂದೆ ತಿರುವೈಯಾರಿನಲ್ಲಿ ಕೆಲವರು ಅವರನ್ನು ಹೊರಗಿನವಳಂತೆ ಕಂಡರಲ್ಲ, ಆಗ ಈ ಪರಂಪರೆಯನ್ನು ನೆನೆಯಬೇಕು.

ಹದಿನಾಲ್ಕರಲ್ಲಿ ತಾಯಿ ತೀರಿಕೊಂಡರು. ಹದಿನೈದರ ಹೊತ್ತಿಗೆ ನಾಗರತ್ನಮ್ಮ ವೇದಿಕೆ ಹತ್ತಿದ್ದರು. ಮೈಸೂರು ಅರಮನೆಯ ಮನ್ನಣೆಯೂ ಸಿಕ್ಕಿತು. ಬೆಂಗಳೂರಿನಲ್ಲಿ ಅವರ ಪೋಷಕರಾಗಿದ್ದವರು ನ್ಯಾಯಾಧೀಶ ನರಹರಿ ರಾವ್. ಹನುಮಂತನಗರದ ನರಹರಿರಾಯನ ಗುಡ್ಡ ಗೊತ್ತಲ್ವಾ, ಆ ಹೆಸರು ಇವರದ್ದೇ. ಅವರ ಸಲಹೆಯಂತೆ ನಾಗರತ್ನಮ್ಮ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮದ್ರಾಸಿಗೆ ಹೋಗಿ ನೆಲೆಸಿದರು. ಆಗ ಸಂಗೀತದ ಮಾರುಕಟ್ಟೆ ಅರಮನೆ ಬಿಟ್ಟು ಪಟ್ಟಣದ ಸಭೆಗಳಿಗೆ, ಶ್ರೀಮಂತರ ಮದುವೆ ಮನೆಗಳಿಗೆ ಬಂದಿತ್ತು. ಅವರು ಸಾವಿರಕ್ಕೂ ಹೆಚ್ಚು ಕಚೇರಿ ಮಾಡಿದರು. ಹರಿಕಥೆಯನ್ನೂ ಹೇಳುತ್ತಿದ್ದರು. ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೇ ಎಂದು ಹೇಳುತ್ತಾರೆ. ತೆರಿಗೆ ಕಟ್ಟುವುದರಲ್ಲಿ ಏನು ದೊಡ್ಡದು ಅನ್ನಿಸಬಹುದು. ತೆರಿಗೆ ಕಟ್ಟಿದರು ಅಂದರೆ ಅವರ ಸಂಪಾದನೆಗೆ ಲೆಕ್ಕ ಇತ್ತು. ಆ ಲೆಕ್ಕ ಯಾವ ಗಂಡಸಿನ ಹೆಸರಿನಲ್ಲೂ ಇರಲಿಲ್ಲ.

ಈಗ ಪುಸ್ತಕದ ವಿಷಯಕ್ಕೆ ಬರೋಣ.

ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ, ಹದಿನೆಂಟನೇ ಶತಮಾನದ ನಡುವೆ, ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಅವಳೂ ಗಣಿಕೆ. ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಳು. ಕತೆ ತುಂಬ ಸರಳ. ರಾಧೆ ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಮದುವೆ ಮಾಡಿಸುತ್ತಾಳೆ. ಹುಡುಗಿಗೆ ಬುದ್ಧಿ ಹೇಳುತ್ತಾಳೆ, ಕೃಷ್ಣನಿಗೂ ಹೇಳುತ್ತಾಳೆ. ಆಮೇಲೆ ತನ್ನೊಳಗೆ ಎದ್ದ ಸಂಕಟ, ಸಿಟ್ಟು, ಹೊಟ್ಟೆಕಿಚ್ಚು ತಡೆಯಲಾಗದೆ ಒದ್ದಾಡುತ್ತಾಳೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಮಾಧಾನ ಮಾಡುತ್ತಾನೆ. ಇದರಲ್ಲಿ ಹೊಸದು ಕತೆಯಲ್ಲ, ಹೇಳುವ ದನಿ. ನಮ್ಮ ಶೃಂಗಾರ ಕಾವ್ಯಗಳಲ್ಲಿ ಹೆಣ್ಣು ಸಾಮಾನ್ಯವಾಗಿ ನೋಡಿಸಿಕೊಳ್ಳುವವಳು. ಇಲ್ಲಿ ಆಸೆ ಅವಳದ್ದು, ಕೇಳುವುದೂ ಅವಳೇ. ಇನ್ನೂ ಒಂದು ವಿಶೇಷ ಇದೆ. ಕಾವ್ಯದ ಪೀಠಿಕೆಯಲ್ಲಿ ಕವಿಗಳು ತಮ್ಮ ವಂಶ ಹೇಳಿಕೊಳ್ಳುವ ರೂಢಿ ಉಂಟಲ್ಲ, ಮುದ್ದುಪಳನಿ ಅಲ್ಲಿ ತನ್ನ ಅಜ್ಜಿಯನ್ನೂ ತನ್ನ ಪಾಂಡಿತ್ಯವನ್ನೂ ಹೆಮ್ಮೆಯಿಂದ ಹೇಳಿಕೊಂಡಳು.

ಕನ್ನಡದಲ್ಲಿ ಹೋಲಿಕೆಗೆ ಸಂಚಿಯ ಹೊನ್ನಮ್ಮನನ್ನು ನೆನೆಯಬಹುದು. ಅವಳೂ ಅರಮನೆಯವಳೇ, ಚಿಕ್ಕದೇವರಾಜ ಒಡೆಯರ ಕಾಲದವಳು. ಆದರೆ ಅವಳು ಬರೆದದ್ದು ಪತಿವ್ರತೆಯ ಧರ್ಮದ ಬಗ್ಗೆ. ಅದು ಮನೆಮನೆಯಲ್ಲಿ ಉಳಿಯಿತು. ಮುದ್ದುಪಳನಿ ಬರೆದದ್ದು ಹೆಣ್ಣಿನ ಆಸೆಯ ಬಗ್ಗೆ. ಅದಕ್ಕೆ ಬೇರೆಯೇ ಗತಿ ಆಯಿತು.

ಈ ಕಾವ್ಯ 1887ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಅದರಲ್ಲಿ ಪೀಠಿಕೆ ಇರಲಿಲ್ಲ, ಕೆಲವು ಪದ್ಯಗಳೂ ಇರಲಿಲ್ಲ. ತೆಲುಗಿನ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನು ಕಟುವಾಗಿ ಟೀಕಿಸಿದರು. ಇಂಥ ಪದ್ಯಗಳು ಹೆಣ್ಣಿನ ಬಾಯಲ್ಲಿ ಬರಬಾರದು, ಕೇಳಲೂಬಾರದು ಎಂಬುದು ಅವರ ಅಭಿಪ್ರಾಯ. ವಿಧವಾ ವಿವಾಹಕ್ಕಾಗಿ, ಹೆಣ್ಣುಮಕ್ಕಳ ಶಾಲೆಗಾಗಿ ಜೀವ ತೇಯ್ದವರು ಅವರು. ಅವರ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಆ ಕಾಲದ ಸುಧಾರಕರ ಮನಸ್ಸಿನಲ್ಲಿದ್ದ ಒಳ್ಳೆಯ ಹೆಣ್ಣಿನ ಚಿತ್ರದಲ್ಲಿ ಮುದ್ದುಪಳನಿಗೆ ಜಾಗ ಇರಲಿಲ್ಲ.

ನಾಗರತ್ನಮ್ಮ ಈ ಕಾವ್ಯದ ಹೆಸರನ್ನು ಬೇರೆ ಯಾವುದೋ ಪುಸ್ತಕದಲ್ಲಿ ಓದಿ, ಹುಡುಕಲು ಹೊರಟರು. ಅಚ್ಚಾದ ಪ್ರತಿ ಸಿಕ್ಕಿತು, ಆದರೆ ತುಂಬ ತಪ್ಪುಗಳಿದ್ದವು. ಆಮೇಲೆ ಹಸ್ತಪ್ರತಿ ಸಿಕ್ಕಿತು. ಎರಡನ್ನೂ ಎದುರಿಗಿಟ್ಟುಕೊಂಡಾಗ ಬಿಟ್ಟುಹೋದದ್ದೇನು ಅಂತ ಗೊತ್ತಾಯಿತು. ಪದ್ಯಗಳನ್ನು ಜಾಗಕ್ಕೆ ಕೂರಿಸಿ, ಪೀಠಿಕೆ ಸೇರಿಸಿ, ಪಾಠ ತಿದ್ದಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಪ್ರಕಾಶನದಿಂದ ಅಚ್ಚು ಹಾಕಿಸಿದರು. ಗ್ರಂಥ ಸಂಪಾದನೆ ಎಷ್ಟು ಕಷ್ಟದ ಕೆಲಸ ಅಂತ ಹಳೆಗನ್ನಡ ಓದಿದವರಿಗೆ ಗೊತ್ತು. ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದ ಹೆಂಗಸೊಬ್ಬರು ಒಂದೂವರೆ ಶತಮಾನದ ಹಿಂದಿನ ತೆಲುಗು ಕಾವ್ಯದ ಪಾಠ ತಿದ್ದಿದರು ಅಂದರೆ ಅವರ ತಯಾರಿ ಎಂಥದ್ದಿರಬೇಕು!

ಮುನ್ನುಡಿಯಲ್ಲಿ ಅವರು ವೀರೇಶಲಿಂಗಂ ಅವರಿಗೆ ನೇರವಾಗಿ ಉತ್ತರ ಕೊಟ್ಟರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ ಎಂಬ ಅರ್ಥದ ಪ್ರಶ್ನೆ ಇಟ್ಟರು. ಇದಕ್ಕಿಂತ ಜಾಸ್ತಿ ಶೃಂಗಾರ ಇರುವ, ಗಂಡಸರು ಬರೆದ ಕಾವ್ಯಗಳನ್ನು ಪಂತುಲು ಅವರೇ ಒಪ್ಪಿಕೊಂಡಿದ್ದಾರೆ ಎಂದು ಉದಾಹರಣೆ ತೋರಿಸಿದರು. ಈ ಕಾವ್ಯ ತಮಗೆ ಯಾಕೆ ಇಷ್ಟ ಎಂದೂ ಹೇಳಿದರು: ಬರೆದವಳು ಹೆಣ್ಣು, ಅದರಲ್ಲೂ ನಮ್ಮ ಕುಲದಲ್ಲಿ ಹುಟ್ಟಿದವಳು. 1910ರಲ್ಲಿ, ಮದ್ರಾಸಿನಲ್ಲಿ, ಅಚ್ಚಿನಲ್ಲಿ, ತನ್ನ ಹೆಸರು ಹಾಕಿ ಹೀಗೆ ಬರೆಯುವುದಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ತನ್ನ ಹುಟ್ಟನ್ನು ಮುಚ್ಚಿಕೊಳ್ಳಲಿಲ್ಲ. ಅದರ ಮೇಲೇ ನಿಂತು ಮಾತಾಡಿದರು.

ಸಿಟ್ಟು ಬೇಗ ಹೊತ್ತಿಕೊಂಡಿತು. ಸೂಳೆಯೊಬ್ಬಳು ಬರೆದ ಪುಸ್ತಕ, ಇನ್ನೊಬ್ಬ ಸೂಳೆ ತಿದ್ದಿದ ಪುಸ್ತಕ ಎಂಬ ಧಾಟಿಯಲ್ಲಿ ಪತ್ರಿಕೆಯಲ್ಲಿ ಬಂತು. ಸರ್ಕಾರಕ್ಕೆ ದೂರು ಹೋಯಿತು. 1911ರಲ್ಲಿ ಪೊಲೀಸರು ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ಇನ್ನೂ ಕೆಲವು ತೆಲುಗು ಕಾವ್ಯಗಳೂ ಅದೇ ಬಲೆಗೆ ಬಿದ್ದವು. ವಾವಿಳ್ಳ ಪ್ರಕಾಶಕರು ವಾದಿಸಿದರು. ಹಲವು ಪಂಡಿತರು, ಹೀಗೆ ಅಳೆದರೆ ನಮ್ಮ ಹಳೆಯ ಕಾವ್ಯ ಯಾವುದೂ ಉಳಿಯುವುದಿಲ್ಲ ಎಂದು ಅರ್ಜಿ ಕೊಟ್ಟರು. ಸರ್ಕಾರ ಕೇಳಲಿಲ್ಲ.

ಒಂದು ಕಾವ್ಯವನ್ನು ಕಾನೂನು ಹೇಗೆ ಅಳೆಯಿತು? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಂ ಅಶ್ಲೀಲ ಪುಸ್ತಕ ಮಾರುವುದು ಅಪರಾಧ ಅನ್ನುತ್ತಿತ್ತು. ಅಶ್ಲೀಲ ಅಂದರೆ ಏನು ಅಂತ ಹೇಳಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು 1868ರ ಇಂಗ್ಲೆಂಡಿನ ಒಂದು ತೀರ್ಪು, ಹಿಕ್ಲಿನ್ ಮೊಕದ್ದಮೆಯದ್ದು. ಅದರ ಅಳತೆಗೋಲು ಹೀಗಿತ್ತು: ಸುಲಭವಾಗಿ ಕೆಡಬಹುದಾದ ಮನಸ್ಸಿನವರ ಕೈಗೆ ಇದು ಸಿಕ್ಕರೆ ಅವರನ್ನು ಕೆಡಿಸಬಹುದೇ? ಬರೆದವರ ಉದ್ದೇಶ ಮುಖ್ಯವಲ್ಲ. ಇಡೀ ಪುಸ್ತಕದ ತೂಕವೂ ಮುಖ್ಯವಲ್ಲ. ನಾಲ್ಕು ಪದ್ಯ ಎತ್ತಿ ತೋರಿಸಿದರೆ ಸಾಕು. ರಸ, ಧ್ವನಿ, ಔಚಿತ್ಯ ಎಂದು ಸಾವಿರ ವರ್ಷ ಚರ್ಚೆ ಮಾಡಿದ ನಮ್ಮ ಕಾವ್ಯಶಾಸ್ತ್ರಕ್ಕೆ ಈ ಅಳತೆಯಲ್ಲಿ ಜಾಗವೇ ಇಲ್ಲ.

ಅದೇ ಕಲಂನಲ್ಲಿ ಒಂದು ವಿನಾಯಿತಿ ಇತ್ತು. ದೇವಸ್ಥಾನದ ಗೋಡೆಯ ಮೇಲೆ, ಒಳಗೆ, ದೇವರ ತೇರಿನ ಮೇಲೆ ಕೆತ್ತಿದ ಅಥವಾ ಬರೆದ ಚಿತ್ರಗಳಿಗೆ ಈ ಕಾನೂನು ತಟ್ಟುವುದಿಲ್ಲ. ನಮ್ಮ ಗುಡಿಗಳ ಮಿಥುನ ಶಿಲ್ಪಗಳು, ತೇರಿನ ಗೊಂಬೆಗಳು ಹೀಗೆ ಉಳಿದುಕೊಂಡವು. ರಾಧಾಕೃಷ್ಣರನ್ನೇ ಕುರಿತು ಹೆಣ್ಣೊಬ್ಬಳು ಬರೆದ ಕಾವ್ಯಕ್ಕೆ ಆ ರಕ್ಷಣೆ ಸಿಗಲಿಲ್ಲ.

1947ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದ (ಈಗಿನ ಮುಖ್ಯಮಂತ್ರಿಯಂಥ ಹುದ್ದೆ) ಟಂಗುಟೂರಿ ಪ್ರಕಾಶಂ ನಿಷೇಧ ತೆಗೆಸಿದರು. ವಾವಿಳ್ಳದವರೇ ಮತ್ತೆ ಅಚ್ಚು ಹಾಕಿದರು. ನಾಗರತ್ನಮ್ಮನಿಗೆ ಆಗ ಅರವತ್ತೆಂಟು ವರ್ಷ. ಪುಸ್ತಕ ಮೊದಲು ಬಂದಾಗ ಮೂವತ್ತೆರಡು ತುಂಬಿರಲಿಲ್ಲವೇನೋ.

ಆ ನಡುವಿನ ವರ್ಷಗಳಲ್ಲಿ ಅವರು ಬೇರೊಂದು ಕಡೆಗೆ ತಿರುಗಿದ್ದರು.

ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿಯಲ್ಲಿ. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡಿದ್ದರಿಂದ ದಹನ ಮಾಡದೆ ಕಾವೇರಿ ದಡದಲ್ಲಿ ಸಮಾಧಿ ಮಾಡಿದರು. ಪುಣ್ಯತಿಥಿಗೆ ಶ್ರಾದ್ಧ ಅನ್ನದೆ ಆರಾಧನೆ ಅನ್ನುವುದು ಅದಕ್ಕೇ. ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಮೊಮ್ಮಗನಿಗೆ ವಂಶ ನಿಂತುಹೋಯಿತು. ನೋಡಿಕೊಳ್ಳುವ ಮನೆಯವರಿಲ್ಲದೆ ಸಮಾಧಿ ಗಿಡಗಂಟಿಯಲ್ಲಿ ಮುಚ್ಚಿಕೊಳ್ಳುತ್ತಾ ಬಂತು. ಶಿಷ್ಯರು ಒಮ್ಮೆ ಹುಡುಕಿ ಸ್ವಲ್ಪ ಸರಿಪಡಿಸಿದರು, ವರ್ಷಕ್ಕೊಮ್ಮೆ ಆರಾಧನೆ ಶುರುವಾಯಿತು. ಅದರೊಳಗೂ ಜಗಳ. ಪೆರಿಯ ಕಚ್ಚಿ, ಚಿನ್ನ ಕಚ್ಚಿ ಎಂದು ಎರಡು ಬಣ ಆದವು. ಕಚ್ಚಿ ಅಂದರೆ ತಮಿಳಿನಲ್ಲಿ ಪಕ್ಷ. ಇಬ್ಬರೂ ಬೇರೆಬೇರೆ ಆರಾಧನೆ ಮಾಡುತ್ತಿದ್ದರು. ಆದರೆ ಸಮಾಧಿಗೆ ಸುಣ್ಣ ಬಳಿಯುವವರಿಲ್ಲ.

ಅಲ್ಲಿಗೆ ಹೋಗಿ ಈ ಸ್ಥಿತಿ ಕಂಡು ಮರುಗಿದವರು ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪ. ನಾಗರತ್ನಮ್ಮ ಕೃಷ್ಣಪ್ಪನವರನ್ನು ಗುರುವಾಗಿ ಕಾಣುತ್ತಿದ್ದರು. ಏನಾದರೂ ಮಾಡಬೇಕು ಎಂದು ಕೃಷ್ಣಪ್ಪನವರು ಅವರಿಗೆ ಕಾಗದ ಬರೆದರು. ಅವರು ತಡ ಮಾಡಲಿಲ್ಲ. ತಿರುವೈಯಾರಿಗೆ ಹೋದರು. ಮೊದಲು ಮಾಡಿದ ಕೆಲಸ ಪೂಜೆಯಲ್ಲ, ಆ ಜಾಗ ಯಾರ ಸ್ವಾಧೀನದಲ್ಲಿದೆ ಅಂತ ವಿಚಾರಿಸಿದ್ದು. ಮಾತುಕತೆ ನಡೆಸಿ ಅದನ್ನು ಪಡೆದರು, ಸುತ್ತಲಿನ ಜಾಗವನ್ನೂ ಕೊಂಡರು. 1921ರ ಅಕ್ಟೋಬರ್‌ನಲ್ಲಿ ಗುಡಿಗೆ ಕೆಸರುಗಲ್ಲು ಹಾಕಿಸಿದರು. ತ್ಯಾಗರಾಜರ ಕಲ್ಲಿನ ವಿಗ್ರಹ ಮಾಡಿಸಿದರು. 1925ರ ಜನವರಿ 7ರಂದು ಕುಂಭಾಭಿಷೇಕ ಆಯಿತು. ಖರ್ಚಿಗೆ ಮದ್ರಾಸಿನ ಸಂಪಾದನೆ, ಒಡವೆ, ಆಸ್ತಿ ಎಲ್ಲ ಕರಗಿತು.

ಗುಡಿ ಆದ ಮೇಲೂ ಎರಡು ಬಣದವರೂ ಆರಾಧನೆಯಲ್ಲಿ ಹೆಂಗಸರಿಗೆ ಅವಕಾಶ ಕೊಡಲಿಲ್ಲ. ನಾಗರತ್ನಮ್ಮ ತಾವೇ ಕಟ್ಟಿಸಿದ ಗುಡಿಯ ಮುಂದೆ ಹರಿಕಥೆ ಹೇಳುತ್ತೇನೆ ಅಂದರೂ ಒಪ್ಪಲಿಲ್ಲ. ಓದುವಾಗ ನನಗೆ ಹೊಟ್ಟೆ ತೊಳಸಿದ್ದು ಇಲ್ಲಿ. ದುಡ್ಡು ಬೇಕು, ಗುಡಿ ಬೇಕು, ದನಿ ಮಾತ್ರ ಬೇಡ.

ನಾಗರತ್ನಮ್ಮ ಕೂತು ಅಳಲಿಲ್ಲ. 1927ರಲ್ಲಿ ಮೂರನೇ ಬಣ ಕಟ್ಟಿದರು. ಪೆಂಗಳ್ ಕಚ್ಚಿ, ಹೆಂಗಸರ ಪಕ್ಷ. ಬೇರೆಬೇರೆ ಊರುಗಳಿಂದ ದೇವದಾಸಿ ಮನೆತನದ ಗಾಯಕಿಯರು ಬಂದರು. ಗಂಡಸರು ಗುಡಿಯ ಮುಂದೆ ಹಾಡಿದರೆ ಇವರು ಗುಡಿಯ ಹಿಂದೆ ಕೂತು ಹಾಡಿದರು. ಇವರ ಕಡೆಗೂ ಜನ ಸೇರತೊಡಗಿದರು. ಅಷ್ಟೇ ಅಲ್ಲ, ಜಾಗ ತಮ್ಮ ಹೆಸರಿನಲ್ಲಿದೆ ಎಂಬ ಮಾತನ್ನು ಅಧಿಕಾರಿಗಳ ಮುಂದೆ ಇಟ್ಟರು. ತಮಗೆ ಹಕ್ಕಿಲ್ಲದಿದ್ದರೆ ಈ ಜಾಗದಲ್ಲಿ ಬೇರೆಯವರಿಗೆ ಯಾವ ಹಕ್ಕು ಎಂಬುದು ವಾದ. ಈ ಮಾತಿಗೆ ಶಾಸ್ತ್ರದಲ್ಲಿ ಉತ್ತರ ಹುಡುಕಿದರೂ ತಾಲ್ಲೂಕು ಕಚೇರಿಯಲ್ಲಿ ಸಿಗುವುದಿಲ್ಲ. ಹೆಂಗಸರು ಹಾಡಬಾರದು ಎಂಬುದು ಬರೀ ರೂಢಿ. ಜಾಗ ಅವರದ್ದು ಎಂಬುದು ದಾಖಲೆ. ಭಕ್ತಿ ಮಾತ್ರ ಇದ್ದಿದ್ದರೆ ಅವರು ಹೊಳೆಯ ಆಚೆ ದಡದಲ್ಲಿ ಕೂತು ಹಾಡಿಕೊಂಡು ಬರಬೇಕಿತ್ತು.

ಮೂರು ಬಣಗಳ ಈ ಎಳೆದಾಟ ಹನ್ನೆರಡು ವರ್ಷಕ್ಕೂ ಮೀರಿ ನಡೆಯಿತು. 1940ರಲ್ಲಿ ಐಸಿಎಸ್ ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿ, ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮುಂತಾದವರು ನಡುವೆ ನಿಂತು ಎಲ್ಲರನ್ನೂ ಒಂದು ಮಾಡಿದರು. ಹೆಂಗಸರು ಗಂಡಸರು ಸೇರಿದ ಆರಾಧನೆ ಶುರುವಾಯಿತು. ಪಂಚರತ್ನವನ್ನು ಎಲ್ಲರೂ ಕೂಡಿ ಹಾಡುವ ಪದ್ಧತಿ ಬೇರುಬಿಟ್ಟಿದ್ದು ಆಗಲೇ. ನಾವು ಬಹಳ ಪುರಾತನ ಅಂದುಕೊಂಡಿರುವ ಆ ದೃಶ್ಯಕ್ಕೆ ಇನ್ನೂ ನೂರು ವರ್ಷ ಆಗಿಲ್ಲ.

ಇನ್ನು ಈ ಬದುಕಿನ ತುಂಬ ತೊಡಕಿನ ಭಾಗ.

1927ರಲ್ಲೇ, ಅಂದರೆ ಹೆಂಗಸರ ಬಣ ಹುಟ್ಟಿದ ವರ್ಷವೇ, ಮದ್ರಾಸ್ ಶಾಸನಸಭೆಯಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿ ನಿಲ್ಲಬೇಕು ಎಂಬ ಗೊತ್ತುವಳಿ ತಂದರು. ಅವರ ತಾಯಿಯೂ ದೇವದಾಸಿ ಮನೆತನದವರೇ. ವೈದ್ಯೆಯಾಗಿ ಅವರು ಕಣ್ಣಾರೆ ಕಂಡದ್ದು ಬೇರೆ: ಬುದ್ಧಿ ಬರುವ ಮುಂಚೆ ದೇವರಿಗೆ ಬಿಟ್ಟ ಹುಡುಗಿಯರು, ರೋಗ, ಮಾರಾಟ. ನಾಗರತ್ನಮ್ಮನಂಥವರು ಬೆರಳೆಣಿಕೆಯಷ್ಟು, ಹಾಳಾದವರು ಸಾವಿರ ಎಂಬುದು ಅವರ ಸಂಕಟ. ಅದು ಸುಳ್ಳಲ್ಲ.

ನಾಗರತ್ನಮ್ಮ ಎದುರು ನಿಂತರು. ಮದ್ರಾಸಿನ ದೇವದಾಸಿಯರು ಸಂಘ ಕಟ್ಟಿ ಸರ್ಕಾರಕ್ಕೆ ಮನವಿ ಕೊಟ್ಟರು. ನಮ್ಮನ್ನೆಲ್ಲ ಒಂದೇ ಮಾತಿನಲ್ಲಿ ವೇಶ್ಯೆಯರು ಅನ್ನಬೇಡಿ, ನಮ್ಮದು ಕಲೆಯ ಕುಲ, ಕೆಡುಕಿದ್ದರೆ ಓದು ಕೊಡಿ, ತಿದ್ದಿ, ಅಳಿಸಬೇಡಿ ಎಂಬುದು ಅದರ ಸಾರ. ನಮ್ಮ ಮೈಸೂರಿನಲ್ಲಿ ಇದು ಇನ್ನೂ ಮುಂಚೆ ನಡೆದಿತ್ತು. 1909ರಲ್ಲಿ ಸರ್ಕಾರ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಆಗ ಸೇವೆಯ ಹಕ್ಕು ಉಳಿಸಿ ಎಂದು ಅರ್ಜಿ ಹಾಕಿದವರಲ್ಲಿ ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ದೇವದಾಸಿಯರೂ ಇದ್ದರು. ನಾಗರತ್ನಮ್ಮ ಹುಟ್ಟಿದ ಊರಿನವರು. ಅವರ ಮಾತಿಗೂ ಬೆಲೆ ಬರಲಿಲ್ಲ.

ಮದ್ರಾಸಿನ ಕಾಯ್ದೆ 1947ರಲ್ಲಿ ಬಂತು. ನಿಷೇಧ ತೆಗೆದು ಮುದ್ದುಪಳನಿಯ ಪುಸ್ತಕವನ್ನು ಬಿಡಿಸಿದ ವರ್ಷವೇ ಮುದ್ದುಪಳನಿಯ ಕುಲದ ಪದ್ಧತಿಗೆ ಕಾನೂನು ತೆರೆ ಎಳೆಯಿತು.

ಇಬ್ಬರಲ್ಲಿ ಯಾರು ಸರಿ? ಹುಡುಗಿಯರನ್ನು ದೇವರಿಗೆ ಬಿಡುವುದು ನಿಲ್ಲಬೇಕಿತ್ತು. ಆ ವಿಷಯದಲ್ಲಿ ನಾನು ಮುತ್ತುಲಕ್ಷ್ಮಿಯವರ ಪಕ್ಷ. ಆದರೆ ಆ ಸುಧಾರಣೆಯಲ್ಲಿ ನಾಗರತ್ನಮ್ಮನವರ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂಬುದು ನನ್ನ ಬೇಸರ. ಪದ, ಜಾವಳಿ ಎಂಬ ಶೃಂಗಾರದ ಹಾಡುಗಳು, ಅಭಿನಯ ಎಲ್ಲವನ್ನೂ ಸಮಾಜ ಇಟ್ಟುಕೊಂಡಿತು. ಅವು ಸಭೆಗಳಿಗೆ, ನೃತ್ಯಶಾಲೆಗಳಿಗೆ, ದೊಡ್ಡ ಮನೆಯ ಹೆಣ್ಣುಮಕ್ಕಳ ಅರಂಗೇಟ್ರಕ್ಕೆ ಹೋದವು. ಅವನ್ನು ತಲೆಮಾರುಗಳಿಂದ ಕಾಪಾಡಿದ ಮನೆಗಳವರು ತಮ್ಮ ಅಜ್ಜಿಯ ಹೆಸರು ಹೇಳಲೂ ಹಿಂಜರಿಯುವಂತಾಯಿತು. ಎಷ್ಟೋ ಗಾಯಕಿಯರ ದನಿಮುದ್ರಿಕೆ ಉಳಿದಿದೆ, ಬದುಕಿನ ವಿವರ ಒಂದು ಸಾಲೂ ಉಳಿದಿಲ್ಲ. ಪೆಂಗಳ್ ಕಚ್ಚಿಯಲ್ಲಿ ನಾಗರತ್ನಮ್ಮನ ಪಕ್ಕ ಕೂತು ಹಾಡಿದವರ ಹೆಸರುಗಳನ್ನು ಇವತ್ತು ಎಷ್ಟು ಜನ ಹೇಳಬಲ್ಲರು?

ಕೊನೆಯ ವರ್ಷಗಳನ್ನು ಅವರು ತಿರುವೈಯಾರಿನಲ್ಲೇ ಕಳೆದರು. ಉಳಿದ ಆಸ್ತಿಯನ್ನು ತ್ಯಾಗರಾಜರ ಸಮಾಧಿಯ ಸೇವೆಗೆ ಬರೆದಿಟ್ಟರು. ಉಯಿಲಿನಲ್ಲಿ ಒಂದು ಷರತ್ತು ಹಾಕಿದರು: ಅಲ್ಲಿ ಹೆಂಗಸರಿಗೆ ಪೂಜೆ ಮಾಡುವ, ಹಾಡುವ ಹಕ್ಕು ಇರಬೇಕು. ಒಳ್ಳೆಯತನವನ್ನು ನಂಬಿ ಬಿಡದೆ, ಆಡಿದ ಮಾತು ಮರೆತುಹೋಗಬಹುದು ಎಂದು ಅದನ್ನೂ ಕಾಗದದ ಮೇಲೆ ಹಾಕಿದರು.

1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರದಲ್ಲೇ ಅವರ ಸಮಾಧಿ ಇದೆ. ಅಲ್ಲೊಂದು ವಿಗ್ರಹ ಇದೆ. ಕೈ ಮುಗಿದು, ಗುಡಿಯ ಕಡೆಗೇ ಮುಖ ಮಾಡಿ ಕೂತಿದ್ದಾರೆ.